ಮತದಾರರ ಪಟ್ಟಿಗೆ ಪೌರತ್ವದ ದಾಖಲೆ: ಅಮೆರಿಕದ ಅನುಭವ

ಅಮೆರಿಕದಲ್ಲಿ ಅಧ್ಯಕ್ಷರ ಮತ್ತು ಸಂಸತ್ತಿನ ಎರಡೂ ಸದನಗಳ ಸದಸ್ಯರ ಆಯ್ಕೆಗಾಗಿ ನಡೆಯುವ ಚುನಾವಣೆಗಳಲ್ಲಿ ಆ ದೇಶದ ಪೌರರಲ್ಲದವರು ಮತ ಹಾಕುವುದು 1996ರ ಕೇಂದ್ರ ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧವಾಗಿದ್ದು, ಇದು ಹೀಗೆಯೇ ಇರಬೇಕೆಂಬ ಬಗ್ಗೆ ಅಲ್ಲಿನ ಎರಡು ದೊಡ್ಡ ಪಕ್ಷಗಳ ನಡುವೆ ತಕರಾರಿಲ್ಲ. ತಕರಾರು ಹುಟ್ಟಿರುವುದು ಅದಕ್ಕಿಂತ ಒಂದು ಹೆಜ್ಜೆ ಹಿಂದೆ. ಪಟ್ಟಿಗೆ ಹೆಸರು ಸೇರಿಸಲು ಬಂದವರು ತಾವು ಪೌರರೆಂದು ಬರೆದು ಸಹಿ ಹಾಕಿದರೆ ಸಾಕೇ, ಅಥವಾ ಜನನ ಪ್ರಮಾಣಪತ್ರವನ್ನೋ ಪಾಸ್‌ಪೋರ್ಟನ್ನೋ ಅಧಿಕಾರಿಯ ಮುಂದಿಟ್ಟು ಅದನ್ನು ರುಜುವಾತುಪಡಿಸಬೇಕೇ ಎಂಬ ಪ್ರಶ್ನೆಯ ಸುತ್ತ ಕಳೆದ ಇಪ್ಪತ್ತು ವರ್ಷಗಳಿಂದ ಶಾಸನಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ವಾದ ನಡೆಯುತ್ತಿದೆ.

ಈ ವಾದದಲ್ಲಿ ಡ್ರೈವಿಂಗ್ ಲೈಸೆನ್ಸ್ ಬಂದು ಸೇರಿಕೊಂಡದ್ದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ಎಲ್ಲರಿಗೂ ಕೊಡುವ ಗುರುತಿನ ಚೀಟಿಯಾಗಲಿ, ಪೌರರೆಲ್ಲರ ಹೆಸರಿರುವ ಒಂದು ರಾಷ್ಟ್ರೀಯ ದಾಖಲೆ ಪುಸ್ತಕವಾಗಲಿ ಇಲ್ಲ. ಆದ್ದರಿಂದ ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದಲ್ಲಿ, ಬಾಡಿಗೆ ಮನೆ ಹಿಡಿಯುವಾಗ ಜನ ತೋರಿಸುವುದು ತಮ್ಮ ರಾಜ್ಯದ ಮೋಟಾರು ವಾಹನ ಇಲಾಖೆ, ಅಂದರೆ ನಮ್ಮ ಆರ್‌ಟಿಒ ಕಚೇರಿಗೆ ಸಮನಾದ ‘ಡಿಎಂವಿ’, ಕೊಟ್ಟ ಲೈಸೆನ್ಸನ್ನೇ. ಹೇಗಿದ್ದರೂ ಎಲ್ಲರೂ ಒಮ್ಮೆಯಾದರೂ ಈ ಕಚೇರಿಗೆ ಬರುತ್ತಾರೆಂಬ ಲೆಕ್ಕಾಚಾರದಿಂದ 1993ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಮತದಾರರ ನೋಂದಣಿ ಕಾಯ್ದೆಯನ್ನು ಮಾಡಿ, ಲೈಸೆನ್ಸ್‌ಗೆ ಅರ್ಜಿ ಹಾಕುವಾಗಲೇ ಮತದಾರರ ಪಟ್ಟಿಗೂ ಹೆಸರು ಸೇರಿಸುವ ಅವಕಾಶ ಕೊಡಬೇಕೆಂದು ಬಹುಪಾಲು ರಾಜ್ಯಗಳಿಗೆ ವಿಧಿಸಿತು. ಜನರ ಬಾಯಲ್ಲಿ ಅದು ‘ಮೋಟಾರ್ ವೋಟರ್’ ಕಾನೂನಾಯಿತು. ಅದರ ಅಡಿಯಲ್ಲಿ ಬಂದ ಕೇಂದ್ರದ ಅರ್ಜಿ ನಮೂನೆಯಲ್ಲಿ ಅರ್ಜಿದಾರರು ತಾವು ಪೌರರೆಂದು ಘೋಷಿಸಿ ಸಹಿ ಮಾಡುತ್ತಾರೆ, ಸುಳ್ಳು ಘೋಷಣೆಗೆ ಶಿಕ್ಷೆಯುಂಟು, ಆದರೆ ಲಗತ್ತಿಸಬೇಕಾದ ಕಾಗದ ಯಾವುದೂ ಇಲ್ಲ.

ಆದರೆ ಲೈಸೆನ್ಸ್ ಪೌರತ್ವವನ್ನು ಹೇಳುವುದಿಲ್ಲ. 2001ರ ಸೆಪ್ಟೆಂಬರ್ ದಾಳಿಯ ನಂತರ, 2005ರಲ್ಲಿ ಅಂಗೀಕಾರವಾದ ‘ರಿಯಲ್ ಐಡಿ’ ಕಾಯ್ದೆ ಲೈಸೆನ್ಸ್ ಕೊಡುವ ಮುನ್ನ ಪರಿಶೀಲಿಸಬೇಕಾದ ದಾಖಲೆಗಳ ಪಟ್ಟಿಯನ್ನು ಬಿಗಿಗೊಳಿಸಿತಾದರೂ, ಅದು ಕೇಳುವುದು ವ್ಯಕ್ತಿ ದೇಶದಲ್ಲಿ ಕಾನೂನುಬದ್ಧವಾಗಿ ಇದ್ದಾನೆಯೇ ಎಂಬುದನ್ನು ಮಾತ್ರ. ಗ್ರೀನ್ ಕಾರ್ಡ್ ಇರುವವರು, ಉದ್ಯೋಗ ವೀಸಾದಲ್ಲಿರುವವರು, ವಿದ್ಯಾರ್ಥಿಗಳು ಎಲ್ಲರೂ ಅದಕ್ಕೆ ಅರ್ಹರು. ಹಲವು ಬಾರಿ ಮುಂದೂಡಲ್ಪಟ್ಟು ಕೊನೆಗೆ 2025ರ ಮೇ 7ರಿಂದ ವಿಮಾನ ಪ್ರಯಾಣಕ್ಕೆ ಅನ್ವಯವಾದ ಈ ನಕ್ಷತ್ರ ಚಿಹ್ನೆಯ ಕಾರ್ಡನ್ನೇ ಪೌರತ್ವದ ಪುರಾವೆಯೆಂದು ನಂಬಿರುವ ಅಮೆರಿಕನ್ನರು ಕಡಿಮೆಯೇನಿಲ್ಲ. ಕೆನಡಾ ಗಡಿಗೆ ತಾಗಿದ ಮಿಷಿಗನ್, ಮಿನ್ನೆಸೋಟ, ನ್ಯೂಯಾರ್ಕ್, ವರ್ಮಾಂಟ್ ಮತ್ತು ವಾಷಿಂಗ್ಟನ್ ರಾಜ್ಯಗಳು ಪೌರರಿಗೆ ಮಾತ್ರ ಕೊಡುವ ವಿಶೇಷ ಲೈಸೆನ್ಸ್ ಒಂದಿದೆ. ಅದು ಗಡಿ ದಾಟಲೆಂದು ಮಾಡಿದ್ದು, ಅದಕ್ಕೆ ಹೆಚ್ಚಿನ ಶುಲ್ಕವೂ ಉಂಟು. ಇನ್ನೊಂದು ತುದಿಯಲ್ಲಿ, ವಲಸೆಯ ದಾಖಲೆಗಳಿಲ್ಲದವರಿಗೂ ವಾಹನ ಚಲಾಯಿಸುವ ಪರವಾನಗಿ ಕೊಡುವ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಿವೆ. ರಸ್ತೆಯ ಮೇಲೆ ಓಡಾಡುವವರಿಗೆ ಪರೀಕ್ಷೆಯೂ ವಿಮೆಯೂ ಇರಲಿ ಎಂಬುದು ಅವುಗಳ ಸಮರ್ಥನೆಯಾದರೆ, ಅದೇ ಕಚೇರಿಯಲ್ಲಿ ಮತದಾರರ ನೋಂದಣಿಯೂ ನಡೆಯುವುದರಿಂದ ಅನರ್ಹರ ಹೆಸರು ನುಸುಳಬಹುದೆಂಬುದು ವಿರೋಧಿಗಳ ಆಕ್ಷೇಪ. ಈ ಆಕ್ಷೇಪವನ್ನು ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಲೈಸೆನ್ಸ್ ದಾಖಲೆಯ ಆಧಾರದ ಮೇಲೆ ತಾನಾಗಿಯೇ ಹೆಸರು ಸೇರಿಸುವ ಪದ್ಧತಿಯಿರುವ ಆರೆಗನ್ ರಾಜ್ಯದಲ್ಲಿ, ಸಿಬ್ಬಂದಿಯ ತಪ್ಪಿನಿಂದ ಪೌರತ್ವದ ಪುರಾವೆ ಕೊಡದ ಸಾವಿರಕ್ಕೂ ಹೆಚ್ಚು ಜನರು ಪಟ್ಟಿಗೆ ಸೇರಿದ್ದು 2024ರಲ್ಲಿ ಬೆಳಕಿಗೆ ಬಂತು.

ದಾಖಲೆ ಬೇಕೇ ಬೇಕೆಂಬ ನಿಯಮವನ್ನು ಮೊದಲು ಗಟ್ಟಿಯಾಗಿ ತಂದದ್ದು ಆರಿಜೋನ. 2004ರಲ್ಲಿ ಅಲ್ಲಿನ ಮತದಾರರೇ ನೇರ ಮತದಾನದ ಮೂಲಕ ಅದಕ್ಕೆ ಒಪ್ಪಿಗೆ ಕೊಟ್ಟರು. 2013ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿ ಆ್ಯಂಟೊನಿನ್ ಸ್ಕಾಲಿಯಾ ಬರೆದ 7–2ರ ತೀರ್ಪಿನಲ್ಲಿ, ಕೇಂದ್ರದ ನಮೂನೆಯಲ್ಲಿ ಬಂದ ಅರ್ಜಿಯನ್ನು ದಾಖಲೆಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ರಾಜ್ಯಕ್ಕಿಲ್ಲವೆಂದಿತು. ಸ್ಕಾಲಿಯಾ ಸಂಪ್ರದಾಯವಾದಿ ನ್ಯಾಯಮೂರ್ತಿಗಳಲ್ಲಿ ಅಗ್ರಗಣ್ಯರೆನಿಸಿದ್ದವರು ಎಂಬುದು ಇಲ್ಲಿ ಗಮನಾರ್ಹ. ಆರಿಜೋನ ಸೋಲೊಪ್ಪಿಕೊಳ್ಳದೆ ಮತದಾರರನ್ನೇ ಎರಡು ವರ್ಗವಾಗಿ ಒಡೆಯಿತು: ದಾಖಲೆ ಕೊಟ್ಟವರು ಎಲ್ಲ ಸ್ಥಾನಗಳಿಗೂ ಮತ ಹಾಕಬಹುದು, ಕೊಡದವರು ಅಧ್ಯಕ್ಷ ಮತ್ತು ಸಂಸತ್ ಸದಸ್ಯರ ಆಯ್ಕೆಯಲ್ಲಿ ಮಾತ್ರ ಭಾಗವಹಿಸಬಹುದು. ಒಬ್ಬನೇ ವ್ಯಕ್ತಿ ದೇಶದ ಅಧ್ಯಕ್ಷರನ್ನು ಆರಿಸಲು ಯೋಗ್ಯ, ತನ್ನೂರಿನ ಶಾಲಾ ಮಂಡಳಿಯನ್ನು ಆರಿಸಲು ಅಯೋಗ್ಯ ಎಂಬ ಈ ವಿಚಿತ್ರ ಸ್ಥಿತಿ ಅಲ್ಲಿ ಇಂದಿಗೂ ಕಾನೂನುಬದ್ಧ.

ಅದೇ ರಾಜ್ಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಬಯಲಾದ ಸಂಗತಿ ಇನ್ನೂ ಹೆಚ್ಚು ಪಾಠ ಕಲಿಸುವಂಥದ್ದು. 1996ರ ಅಕ್ಟೋಬರ್ ನಂತರ ಕೊಟ್ಟ ಆರಿಜೋನದ ಲೈಸೆನ್ಸನ್ನು ಅಲ್ಲಿ ಪೌರತ್ವದ ಪುರಾವೆಯೆಂದು ಒಪ್ಪಲಾಗುತ್ತದೆ. ಅದಕ್ಕೂ ಮುನ್ನ ಲೈಸೆನ್ಸ್ ಪಡೆದಿದ್ದವರು ಆಮೇಲೆ ಅದರ ನಕಲನ್ನೋ ಹೊಸ ಪ್ರತಿಯನ್ನೋ ಪಡೆದಾಗ, ಕಂಪ್ಯೂಟರ್ ಆ ಹೊಸ ದಿನಾಂಕವನ್ನೇ ಹಿಡಿದು ಅವರು ಪುರಾವೆ ಕೊಟ್ಟಿದ್ದಾರೆಂದು ದಾಖಲಿಸುತ್ತ ಬಂದಿತ್ತು. ಮೊದಲ ಎಣಿಕೆಯಲ್ಲಿ ಸುಮಾರು 98,000, ಕೊನೆಗೆ ಎರಡು ಲಕ್ಷಕ್ಕೂ ಹೆಚ್ಚು ಮತದಾರರ ಹೆಸರಿನ ಮುಂದೆ ಇದ್ದ ಗುರುತು ಹೀಗೆ ಆಧಾರವಿಲ್ಲದ್ದೆಂದು ತಿಳಿಯಿತು. ಅವರಲ್ಲಿ ಬಹುತೇಕರು ದಶಕಗಳಿಂದ ಮತ ಹಾಕುತ್ತ ಬಂದವರು. ಚುನಾವಣೆ ಹೊಸ್ತಿಲಲ್ಲಿದ್ದಾಗ ರಾಜ್ಯದ ಸುಪ್ರೀಂ ಕೋರ್ಟ್, ತಪ್ಪು ಸರ್ಕಾರದ್ದಾಗಿರುವುದರಿಂದ ಅಂಥವರು ಪೂರ್ಣ ಮತಪತ್ರವನ್ನೇ ಬಳಸಬಹುದೆಂದು ತೀರ್ಮಾನಿಸಿತು.

ಕಾನ್ಸಾಸ್ ರಾಜ್ಯ ಇದೇ ನಿಯಮವನ್ನು 2013ರ ಜನವರಿಯಿಂದ ಜಾರಿಗೊಳಿಸಿದಾಗ ಅದರ ಹಿಂದಿದ್ದ ವ್ಯಕ್ತಿ ಅಲ್ಲಿನ ಚುನಾವಣಾ ಮುಖ್ಯಸ್ಥ ಕ್ರಿಸ್ ಕೋಬಾಕ್. ಪ್ರಕರಣ ಕೇಂದ್ರ ನ್ಯಾಯಾಲಯಕ್ಕೆ ಹೋಗಿ, ಎರಡೂ ಕಡೆಯ ಸಾಕ್ಷ್ಯಗಳನ್ನು ಪರಿಶೀಲಿಸಿದ ನ್ಯಾಯಾಧೀಶೆ ಜೂಲಿ ರಾಬಿನ್‌ಸನ್ 2018ರಲ್ಲಿ ನೀಡಿದ ತೀರ್ಪಿನಲ್ಲಿ ಎರಡು ಸಂಖ್ಯೆಗಳು ಎದುರುಬದುರಾಗಿ ನಿಂತವು. ದಾಖಲೆ ಕೊಡಲಿಲ್ಲವೆಂದು ನೋಂದಣಿ ರದ್ದಾದವರು ಅಥವಾ ತಡೆಹಿಡಿಯಲ್ಪಟ್ಟವರು 31,089 ಮಂದಿ. 19 ವರ್ಷಗಳ ಅವಧಿಯಲ್ಲಿ ಪಟ್ಟಿಗೆ ಸೇರಿದ್ದರೆಂದು ತೋರಿಸಲಾದ ಪೌರರಲ್ಲದವರು ಹೆಚ್ಚೆಂದರೆ 39 ಮಂದಿ. ನಿಯಮ ಅಸಾಂವಿಧಾನಿಕವೆಂದು ಬಿದ್ದುಹೋಯಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. 39 ಎಂಬುದು ಸೊನ್ನೆಯಲ್ಲ ಎಂಬ ವಾದ ಸರಿಯೇ. ಆದರೆ ಅಷ್ಟು ಜನರನ್ನು ತಡೆಯಲು ಸಾವಿರಾರು ಅರ್ಹರನ್ನು ಹೊರಗಿಡುವುದು ಪಟ್ಟಿಯನ್ನು ಶುದ್ಧಗೊಳಿಸುವ ಬದಲು ಇನ್ನೊಂದು ದಿಕ್ಕಿನಲ್ಲಿ ಕೆಡಿಸುತ್ತದೆ.

ಅರ್ಹರಾದ ಪೌರರಿಗೆ ಈ ಕಾಗದಗಳನ್ನು ಒದಗಿಸುವುದು ಕಷ್ಟವೇಕೆಂದು ಕೇಳುವವರಿದ್ದಾರೆ. ಸುಮಾರು ಅರ್ಧದಷ್ಟು ಅಮೆರಿಕನ್ನರ ಬಳಿ ಪಾಸ್‌ಪೋರ್ಟ್ ಇಲ್ಲ, ವಯಸ್ಕರು ಮೊದಲ ಬಾರಿ ಪಡೆಯಲು ತೆರಬೇಕಾದ ಶುಲ್ಕ 165 ಡಾಲರ್. ಜನನ ಪ್ರಮಾಣಪತ್ರದಲ್ಲಿ ತವರಿನ ಹೆಸರೂ ಲೈಸೆನ್ಸ್‌ನಲ್ಲಿ ಗಂಡನ ಮನೆತನದ ಹೆಸರೂ ಇರುವ ವಿವಾಹಿತ ಮಹಿಳೆಯರು ಎರಡನ್ನೂ ಬೆಸೆಯುವ ಮೂರನೆಯ ದಾಖಲೆಯನ್ನು ಹುಡುಕಬೇಕು. ದಕ್ಷಿಣದ ರಾಜ್ಯಗಳಲ್ಲಿ ಸೂಲಗಿತ್ತಿಯರ ಕೈಯಲ್ಲಿ ಮನೆಯಲ್ಲೇ ಹುಟ್ಟಿದ ಹಳೆಯ ತಲೆಮಾರಿನ ಕಪ್ಪು ಜನರಲ್ಲಿ ಜನನ ನೋಂದಣಿಯೇ ಆಗದವರಿದ್ದಾರೆ. ವಲಸೆ ಬಂದು ಪೌರತ್ವ ಪಡೆದವರು ತಮ್ಮ ಪ್ರಮಾಣಪತ್ರವನ್ನು ಕಳೆದುಕೊಂಡರೆ ಅದರ ಬದಲಿ ಪ್ರತಿಗೆ 500 ಡಾಲರ್‌ಗೂ ಹೆಚ್ಚು ಖರ್ಚಾಗುತ್ತದೆ.

ಇವರಲ್ಲಿ ಕೊನೆಯ ಗುಂಪಿನವರಿಗೆ ಇನ್ನೊಂದು ಅಪಾಯವೂ ಇದೆ. 2019ರ ಜನವರಿಯಲ್ಲಿ ಟೆಕ್ಸಾಸ್ ಸರ್ಕಾರ, ಲೈಸೆನ್ಸ್ ಪಡೆಯುವಾಗ ಪೌರರಲ್ಲವೆಂದು ದಾಖಲಾಗಿದ್ದ ಸುಮಾರು 95,000 ಮಂದಿ ಮತದಾರರ ಪಟ್ಟಿಯಲ್ಲಿದ್ದಾರೆಂದು ಪ್ರಕಟಿಸಿ ದೇಶದ ಗಮನ ಸೆಳೆಯಿತು. ಲೈಸೆನ್ಸ್ ಹಲವು ವರ್ಷಗಳಿಗೊಮ್ಮೆ ನವೀಕರಣವಾಗುವ ಕಾಗದ. ಗ್ರೀನ್ ಕಾರ್ಡ್ ತೋರಿಸಿ ಅದನ್ನು ಪಡೆದವರು ನಡುವೆ ಪೌರತ್ವ ಸ್ವೀಕರಿಸಿ, ನ್ಯಾಯವಾಗಿಯೇ ಮತದಾರರಾದರೂ ವಾಹನ ಇಲಾಖೆಯ ಹಳೆಯ ದಾಖಲೆ ಹಾಗೆಯೇ ಉಳಿದಿರುತ್ತದೆ. ಕೆಲವೇ ದಿನಗಳಲ್ಲಿ ಆ ಪಟ್ಟಿಯಿಂದ ಸುಮಾರು 25,000 ಹೆಸರುಗಳನ್ನು ತೆಗೆಯಬೇಕಾಯಿತು, ಮೊಕದ್ದಮೆಗಳು ಬಿದ್ದವು, ರಾಜ್ಯ ರಾಜಿಗೆ ಬಂತು, ಹೊಣೆ ಹೊತ್ತಿದ್ದ ಅಧಿಕಾರಿ ಹುದ್ದೆ ಬಿಟ್ಟರು.

ಇಷ್ಟಾದರೂ ಬೇಡಿಕೆ ತಣ್ಣಗಾಗಿಲ್ಲ. ನ್ಯೂ ಹ್ಯಾಂಪ್‌ಶೈರ್, ವಯೋಮಿಂಗ್ ರಾಜ್ಯಗಳು ದಾಖಲೆಯನ್ನು ಕಡ್ಡಾಯಗೊಳಿಸಿವೆ. ಇಡೀ ದೇಶಕ್ಕೆ ಅದನ್ನು ಅನ್ವಯಿಸುವ ‘ಸೇವ್’ ಮಸೂದೆಯನ್ನು ಸಂಸತ್ತಿನ ಕೆಳಮನೆ 2025ರ ಏಪ್ರಿಲ್‌ನಲ್ಲಿ 220–208 ಮತಗಳಿಂದ ಅಂಗೀಕರಿಸಿತು. ಅದಕ್ಕೂ ಮುನ್ನ, ಮಾರ್ಚ್ 25ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶ ಇದೇ ಉದ್ದೇಶದ್ದಾಗಿದ್ದು, ಚುನಾವಣೆಯ ನಿಯಮ ರೂಪಿಸುವ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು ಕೇಂದ್ರ ನ್ಯಾಯಾಲಯ ಅದರ ಈ ಭಾಗವನ್ನು ತಡೆಯಿತು. ಭಾರತ ಮತ್ತು ಬ್ರೆಜಿಲ್ ಮತದಾರರ ಗುರುತನ್ನು ಬೆರಳಚ್ಚಿನಂಥ ದೇಹಲಕ್ಷಣಗಳ ದತ್ತಾಂಶಕ್ಕೆ ಜೋಡಿಸುತ್ತಿರುವಾಗ ಅಮೆರಿಕ ಇನ್ನೂ ಸ್ವಯಂಘೋಷಣೆಯನ್ನು ನಂಬಿಕೊಂಡಿದೆ ಎಂದು ಆ ಆದೇಶದ ಪೀಠಿಕೆ ಹೇಳುತ್ತದೆ. ಹೋಲಿಕೆ ಅಷ್ಟು ಸರಿಯಾದುದಲ್ಲ. ಭಾರತದಲ್ಲಿ ಹೊಸ ಮತದಾರರು ತುಂಬುವ ನಮೂನೆ 6ರಲ್ಲಿ ವಯಸ್ಸಿಗೂ ವಾಸಸ್ಥಳಕ್ಕೂ ದಾಖಲೆ ಕೊಡಬೇಕು, ಪೌರತ್ವಕ್ಕೆ ಮಾತ್ರ ಘೋಷಣೆಯೇ ಆಧಾರ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. 2025ರಲ್ಲಿ ಬಿಹಾರದ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಚುನಾವಣಾ ಆಯೋಗ 11 ದಾಖಲೆಗಳ ಪಟ್ಟಿ ಕೊಟ್ಟು, ಸುಪ್ರೀಂ ಕೋರ್ಟ್ ಆಧಾರನ್ನು ಹನ್ನೆರಡನೆಯದಾಗಿ ಸೇರಿಸುವಂತೆ ಹೇಳಿದಾಗಲೂ, ಅದು ಗುರುತಿಗಷ್ಟೇ, ಪೌರತ್ವಕ್ಕಲ್ಲ ಎಂಬ ಮಾತನ್ನು ಸ್ಪಷ್ಟಪಡಿಸಿತ್ತು.

ಪೌರರು ಮಾತ್ರ ಮತ ಹಾಕಬೇಕೆಂಬುದು ನ್ಯಾಯವಾದ ಅಪೇಕ್ಷೆ. ಆದರೆ ಜನನದ ನೋಂದಣಿ, ಪಾಸ್‌ಪೋರ್ಟ್, ಪೌರತ್ವ ಪ್ರದಾನ ಎಲ್ಲವೂ ಸರ್ಕಾರದ್ದೇ ಕಡತಗಳಲ್ಲಿರುವಾಗ ಅವುಗಳನ್ನು ಹೊಂದಿಸಿ ನೋಡುವ ಕೆಲಸವೂ ಖರ್ಚೂ ಸರ್ಕಾರದ್ದಾಗಬೇಕೇ ಹೊರತು ಮತದಾರರದ್ದಾಗಬಾರದು, ಮತ್ತು ಕಡತಗಳು ಹೊಂದದೆ ಹೋದಾಗ ಹೆಸರು ಕೈಬಿಡುವ ಮುನ್ನ ಆ ವ್ಯಕ್ತಿಗೆ ನೋಟಿಸೂ ಕಾಲಾವಕಾಶವೂ ಸಿಗಬೇಕು. ಆರಿಜೋನ, ಕಾನ್ಸಾಸ್, ಟೆಕ್ಸಾಸ್‌ಗಳ ಅನುಭವ ತೋರಿಸುವುದು ಇದನ್ನೇ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಎಚ್‌-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಹೊಂದಿರುವವರು ಲೈಸೆನ್ಸ್‌ಗಾಗಿ ಡಿಎಂವಿ ಕಚೇರಿಗೆ ಹೋದಾಗ ಮತದಾರರಾಗಿ ನೋಂದಾಯಿಸಿಕೊಳ್ಳುವಿರಾ ಎಂಬ ಪ್ರಶ್ನೆ ಎದುರಾಗಬಹುದು, ಅವಸರದಲ್ಲಿ ‘ಹೌದು’ ಎಂದು ಗುರುತು ಹಾಕಿಬಿಡುವುದು ಸುಲಭ. ಪೌರರೆಂದು ತಪ್ಪಾಗಿ ಹೇಳಿಕೊಳ್ಳುವುದು ಅಲ್ಲಿನ ವಲಸೆ ಕಾನೂನಿನಲ್ಲಿ ಗಡೀಪಾರಿಗೂ ಮುಂದೆ ಪೌರತ್ವದ ಅರ್ಜಿ ತಿರಸ್ಕೃತವಾಗುವುದಕ್ಕೂ ಕಾರಣವಾಗಬಲ್ಲದು, ಆದ್ದರಿಂದ ಆ ಒಂದು ಪ್ರಶ್ನೆಯನ್ನು ಎರಡು ಸಲ ಓದಿ, ಪೌರರಾಗುವ ತನಕ ‘ಇಲ್ಲ’ ಎಂದೇ ಉತ್ತರಿಸಬೇಕು. ಪೌರತ್ವ ಪಡೆದವರು ಲೈಸೆನ್ಸ್ ನವೀಕರಣದ ದಿನದವರೆಗೆ ಕಾಯದೆ ತಮ್ಮ ಹೊಸ ಪ್ರಮಾಣಪತ್ರವನ್ನು ಅದೇ ಕಚೇರಿಗೆ ತೋರಿಸಿ ದಾಖಲೆ ತಿದ್ದಿಸಿಕೊಳ್ಳುವುದು ಒಳ್ಳೆಯದು.