ಗಡಿ ಮುಚ್ಚಿದ ಋತು: ಕಾಸರಗೋಡಿನ ಬೆಳೆಗಾರ ಮತ್ತು ಸಂಗ್ರಹ ಪರಂಪರೆ

ಕಾಸರಗೋಡು ತಾಲ್ಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದರೂ ಅಲ್ಲಿನ ಬಹಳಷ್ಟು ಕೃಷಿಕರಿಗೆ ಮಂಗಳೂರೇ ಪೇಟೆಯಾಗಿ ಉಳಿಯಿತು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡ ಕ್ಯಾಂಪ್ಕೊ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರನ್ನು ಒಂದೇ ಸಹಕಾರಿ ವ್ಯವಸ್ಥೆಗೆ ತಂದಿತು. 2020ರ ಮಾರ್ಚ್‌ನಲ್ಲಿ ಕೊರೋನಾ ನಿಮಿತ್ತ ಕರ್ನಾಟಕವು ತಲಪಾಡಿಯ ಹೆದ್ದಾರಿಯನ್ನು ತಡೆದು, ಹಲವು ಒಳರಸ್ತೆಗಳಿಗೆ ಮಣ್ಣು ಸುರಿಸಿದಾಗ ಈ ನಂಟು ತುಂಡಾಯಿತು. ರೋಗಿಗಳ ಸಂಚಾರದ ಪ್ರಶ್ನೆ ಸುಪ್ರೀಂ ಕೋರ್ಟನ್ನು ಮುಟ್ಟಿತು. ಬೆಳೆಯ ಪ್ರಶ್ನೆ ಅಷ್ಟು ಸದ್ದು ಮಾಡಲಿಲ್ಲ.

ಇಂಥ ತಡೆಯ ಭಾರ ಎಲ್ಲರ ಮೇಲೆ ಸಮನಾಗಿ ಬೀಳದು. ಒಣಗಿಸಿದ ಅಡಿಕೆಯನ್ನು ಅಟ್ಟದಲ್ಲಿಟ್ಟು ಧಾರಣೆಗಾಗಿ ಕಾಯಬಹುದು, ಕೈಯಲ್ಲಿ ಕಾಸಿದ್ದರೆ. ಹಾಲು, ತರಕಾರಿ, ವೀಳ್ಯದೆಲೆ ಕಾಯುವುದಿಲ್ಲ. ಆದ್ದರಿಂದ ದಿನದ ಮಾರಾಟವನ್ನೇ ನೆಚ್ಚಿದ ಸಣ್ಣ ಹಿಡುವಳಿದಾರ ಮೊದಲು ಸೋಲುತ್ತಾನೆ.

ಹೊರಗಿನ ಪೂರೈಕೆ ದುರ್ಲಭವಾಗುತ್ತಿದ್ದ ಮಳೆಗಾಲಕ್ಕೆಂದು ಈ ಸೀಮೆಯ ಜನಪದರು ಸಂಗ್ರಹಕ್ರಮಗಳನ್ನು ರೂಪಿಸಿಕೊಂಡಿದ್ದಾರೆ. ಬಲಿತ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವುದು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವುದು, ಬೇಯಿಸಿದ ಹಲಸಿನ ಬೀಜವನ್ನು ಒಣಗಿಸಿ ಸಾಂತಾಣಿ ಮಾಡುವುದು ಇವುಗಳಲ್ಲಿ ಮುಖ್ಯ. 2020ರ ತಡೆ ಹಲಸು ಬಲಿಯುವ ಕಾಲಕ್ಕೇ ಬಂದದ್ದು ಗಮನಾರ್ಹ. ಆದರೆ ಈ ಜ್ಞಾನವನ್ನು ಅತಿಯಾಗಿ ಕೊಂಡಾಡುವುದು ತರವಲ್ಲ. ಇದು ಮನೆಯ ಊಟಕ್ಕಾಗಿ ಹುಟ್ಟಿದ್ದು. ಮಾರಲೆಂದೇ ಬೆಳೆದ ಬೆಳೆಗೆ ಇದರಲ್ಲಿ ರಕ್ಷಣೆಯಿಲ್ಲ. ಸೊಳೆ ಬಿಡಿಸಿ, ಹಪ್ಪಳ ತಟ್ಟಿ ಒಣಗಿಸುವ ದುಡಿಮೆ ಬಹುಪಾಲು ಹೆಂಗಸರದ್ದಾದುದರಿಂದ, ಪೇಟೆ ಮುಚ್ಚಿದಾಗ ಹೆಚ್ಚುವ ಹೊರೆಯೂ ಅವರದೇ. ಬೆಳೆನಷ್ಟದ ಲೆಕ್ಕದಲ್ಲಿ ಅದು ಸೇರುವುದಿಲ್ಲ.