ಕಾರ ಹುಣ್ಣಿಮೆಯ ಬಿಳಿಯ ಎತ್ತು

ಜ್ಯೇಷ್ಠ ಮಾಸದ ಹುಣ್ಣಿಮೆ ಬಂದಿತೆಂದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಒಕ್ಕಲಿಗನ ಮನೆಯಲ್ಲಿ ಎತ್ತುಗಳದೇ ಸಂಭ್ರಮ. ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಝೂಲು ಹೊದಿಸಿ, ಸಂಜೆಗೆ ಕರಿ ಹರಿಯಲು ಓಡಿಸುತ್ತಾರೆ. ಬಿಳಿಯ ಎತ್ತು ಮುಂದೆ ಬಂದರೆ ಹಿಂಗಾರಿ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಎಂದು ಬೆಳೆಯ ಭವಿಷ್ಯ ನುಡಿಯುವ ಹಿರಿಯರು ಹಲವು ಊರುಗಳಲ್ಲಿದ್ದಾರೆ. ರವಿವಾರದ ಬಿಡುವಿನಲ್ಲಿ ನಾಲ್ಕಾರು ಮಂದಿ ಗೆಳೆಯರು ಒಂದು ಪಡಸಾಲೆಯಲ್ಲಿ ಕೂಡಿ ನೀರುಬಣ್ಣದ ಚಿತ್ರ ಕಲಿಯಬೇಕೆಂದಿದ್ದರೆ, ಮೊದಲ ಪಾಠಕ್ಕೆ ಈ ಬಿಳಿಯ ಎತ್ತಿಗಿಂತ ಒಳ್ಳೆಯ ವಸ್ತು ಸಿಗಲಾರದು.

‘ನಮ್ಮ ಕೈ ಚಿತ್ರಕ್ಕೆ ತಿರುಗಿದ್ದಲ್ಲವಲ್ಲ’ ಎಂದು ನೀವು ಹಿಂಜರಿಯಬಹುದು. 1841ರಿಂದ 1853ರ ತನಕ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರನಿಗೂ ಚಿತ್ರ ಬರೆಯುವುದು ವೃತ್ತಿಯಾಗಿರಲಿಲ್ಲ. ದಖ್ಖನಿನ ನೋಟಗಳನ್ನು ಬಿಡುವಿನಲ್ಲಿ ಬರೆದ ಹವ್ಯಾಸಿ ಅವನು. ಬೇಕಾದ ಸಾಮಗ್ರಿಯೂ ಹೆಚ್ಚಿನದಲ್ಲ. ಹಳದಿ, ಕೆಂಪು, ಕಡುನೀಲಿ, ಕಾವಿಗಂದು ಎಂಬ ನಾಲ್ಕು ಬಣ್ಣ. ದಪ್ಪದೊಂದು, ಸಣ್ಣದೊಂದು ಕುಂಚ. ಎರಡು ಬಟ್ಟಲು ನೀರು. ಒರೆಸಲು ಹಳೆಯ ಅರಿವೆ. ಕಾಗದ ಮಾತ್ರ ದಪ್ಪನಾಗಿರಲಿ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ನೀರು ಕುಡಿದರೂ ಅಷ್ಟಾಗಿ ಸೊಟ್ಟಗಾಗದು. ಓಡುವ ಎತ್ತು ನಿಮಗಾಗಿ ನಿಲ್ಲುವುದಿಲ್ಲ. ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವಂಥ ಮಣ್ಣೆತ್ತೊಂದನ್ನು ನಡುವೆ ಇರಿಸಿ, ಸುತ್ತ ಕುಳಿತವರು ತಮತಮಗೆ ಕಂಡ ಮಗ್ಗುಲನ್ನು ಬರೆದರಾಯಿತು.

ಇನ್ನು ನೀರುಬಣ್ಣದ ಗುಟ್ಟು. ಬಣ್ಣದ ಹುಡಿಯನ್ನು ಅಂಟಿನಲ್ಲಿ ಅರೆದು ಮಾಡಿದ ಈ ಬಣ್ಣ ನೀರಿನಲ್ಲಿ ಕದಡಿದಾಗ ತೆಳ್ಳನೆಯ ಪೊರೆಯಾಗಿ ಹರಡುತ್ತದೆ. ಹೊರಗಿನ ಬೆಳಕು ಆ ಪೊರೆಯನ್ನು ಹಾಯ್ದು, ಕೆಳಗಿನ ಬಿಳಿಯ ಕಾಗದಕ್ಕೆ ತಾಗಿ, ಮತ್ತೆ ಅದೇ ಪೊರೆಯೊಳಗಿಂದ ನಮ್ಮ ಕಣ್ಣಿಗೆ ಬರುತ್ತದೆ. ಚಿತ್ರದ ಬೆಳಕೆಲ್ಲ ಕಾಗದದ್ದೇ. ಆದುದರಿಂದ ಈ ಕ್ರಮದಲ್ಲಿ ಬಿಳಿಯನ್ನು ಬಳಿಯುವುದೆಂಬುದಿಲ್ಲ, ಬಿಳಿಯನ್ನು ಉಳಿಸಿಕೊಳ್ಳಬೇಕು. ಎತ್ತಿನ ಮೈ ಎಂದರೆ ನೀವು ಮುಟ್ಟದೆ ಬಿಟ್ಟ ಕಾಗದ. ಕಾವ್ಯವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಆಡದೆ ಉಳಿಸಿದುದರಿಂದ ಹೊಳೆಯುವ ಅರ್ಥವನ್ನು ಆನಂದವರ್ಧನನು ಧ್ವನಿ ಎಂದು ಕರೆದನು. ನಮ್ಮ ಕವಿರಾಜಮಾರ್ಗವೂ ಆ ಹೆಸರನ್ನು ಬಲ್ಲದು.

ಈಗ ಕೆಲಸಕ್ಕೆ ತೊಡಗೋಣ. ಪೆನ್ಸಿಲಿನಿಂದ ಎತ್ತಿನ ಆಕಾರವನ್ನು ಹಗುರವಾಗಿ ಗುರುತಿಸಿರಿ. ಹಲಗೆಯನ್ನು ನಿಮ್ಮ ಕಡೆಗೆ ತುಸು ಇಳಿಜಾರಾಗಿಡಿರಿ. ಎತ್ತಿನ ಹೊರಗಿನ ಆಕಾಶದ ಭಾಗವನ್ನಷ್ಟೇ ನೀರಿನಿಂದ ನೆನೆಸಿ, ಕಡುನೀಲಿಗೆ ಕಾವಿಗಂದು ಬೆರೆಸಿದರೆ ಬರುವ ಬೂದುಬಣ್ಣವನ್ನು ಹರಿಯಬಿಡಿರಿ. ಅದು ಮುಂಗಾರಿನ ಮೋಡ. ಆ ಕಪ್ಪು ಹಿಂದೆ ಬಂದೊಡನೆ, ಏನೂ ಬಳಿಯದ ಎತ್ತು ಮುಂದೆ ಬಂದು ನಿಂತಂತೆ ಕಾಣುವುದು! ದೂರದ ಗುಡ್ಡಗಳಿಗೆ, ಶಹಾಪುರದ ಬಳಿ ಮಲಗಿದ ಬುದ್ಧನಂತೆ ತೋರುವ ಆ ಸಾಲಿಗೆ, ತೆಳುನೀಲಿಯ ಒಂದೇ ಎಳೆತ ಸಾಕು. ಎಲ್ಲ ಒಣಗಿದ ಮೇಲೆ ಹೊಟ್ಟೆಯ ಕೆಳಗೆ, ಕೊರಳಿನ ಗಂಗೆದೊಗಲಿಗೆ, ಹಿಣಿಲಿನ ಮರೆಗೆ ನೀರಾದ ನೀಲಿಯ ನೆರಳು ಕೊಡಿರಿ. ಕಡೆಗೆ ಹಬ್ಬದ ಬಣ್ಣ: ಕೋಡಿಗೆ ಹುರಮಂಜಿನ ಕೆಂಪು, ಅದರ ತುದಿಯ ಹಿತ್ತಾಳೆ ಅಣಸಿಗೆ ಹಳದಿ, ಝೂಲಿಗೆ ನಿಮ್ಮ ಮನಸ್ಸಿಗೆ ಬಂದದ್ದು. ತಿಳಿಯಿಂದ ಗಾಢಕ್ಕೆ ಹೋಗುವುದೇ ಕ್ರಮ. ಒಣಗಿದಾಗ ಬಣ್ಣ ಪೇಲವವಾಗುವುದರಿಂದ ಹಸಿಯಲ್ಲಿ ಸ್ವಲ್ಪ ಗಾಢವಾಗಿಯೇ ಇರಲಿ.

ಹೊಸಬರು ಎಡವುವ ಜಾಗ ಒಂದುಂಟು. ಆಕಾಶ ಅರೆ ಒಣಗಿರುವಾಗ ತಿದ್ದಲೆಂದು ಒದ್ದೆ ಕುಂಚ ತಾಗಿಸಿದರೆ, ಹೊಸ ನೀರು ಒಣಗುತ್ತಿರುವ ಕಡೆಗೆ ನುಗ್ಗಿ, ಅಲ್ಲಿಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಕಲೆ ಕಟ್ಟುತ್ತದೆ. ನಮ್ಮ ಸೀಮೆಯ ಬಿಸಿಗಾಳಿಗೆ ಕಾಗದ ಬೇಗ ಆರುತ್ತದೆ. ತಂಪುಹೊತ್ತಿನಲ್ಲಿ ಕುಳಿತು, ಆಕಾಶವನ್ನು ಒಂದೇ ಉಸಿರಿಗೆ ಮುಗಿಸಿ, ಕೈ ತೆಗೆದುಬಿಡುವುದು ಲೇಸು.

ಸುರಪುರದ ಹೆಸರೆತ್ತಿದ ಮೇಲೆ ಅಲ್ಲಿಯ ಚಿತ್ರಕಲೆಯನ್ನು ನೆನೆಯದಿರಲಾಗದು. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಆ ಕಲೆಯಲ್ಲಿ ಗರುಡಾದ್ರಿ ಮನೆತನದ ಹೆಸರು ದೊಡ್ಡದು. ಕೂದಲೆಳೆಯಂಥ ರೇಖೆ, ಗಟ್ಟಿ ಬಣ್ಣ, ಅದರ ಮೇಲೆ ಚಿನ್ನದ ರೇಕು. ಅಲ್ಲಿ ಬೆಳಕನ್ನು ಮೇಲಿನಿಂದ ಇಡುತ್ತಾರೆ. ನೀರುಬಣ್ಣದಲ್ಲಿ ಅದನ್ನು ಕೆಳಗೆ ಉಳಿಸಿಕೊಳ್ಳುತ್ತೇವೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಒಂದೊಂದರ ಹೆಚ್ಚಳವೂ ತಿಳಿಯುವುದು. 1858ರಲ್ಲಿ ನಾಯಕರ ಆಳ್ವಿಕೆ ಮುಗಿಯಿತು. ಆಶ್ರಯ ತಪ್ಪಿದ ಕಲೆ ಸೊರಗಿತು. ಕಲಬುರಗಿಯ ವಿಜಯ ಹಾಗರಗುಂಡಗಿಯವರು ನಮ್ಮ ಕಾಲದಲ್ಲಿ ಅದಕ್ಕೆ ಮತ್ತೆ ಜೀವ ತುಂಬಲು ದುಡಿದರು. ಆದರೆ ಬರೆಯುವವರಿದ್ದರೆ ಸಾಲದು, ಗುರುತಿಸಬಲ್ಲ ಕಣ್ಣುಗಳೂ ಊರಿನಲ್ಲಿರಬೇಕು. ಒಂದು ಕೋಡಿನ ಬಾಗನ್ನು ತರಲು ಎರಡು ತಾಸು ಹೆಣಗಿದವನು, ಅಟ್ಟದ ಮೇಲೆ ಸಿಕ್ಕ ಅಜ್ಜನ ಕಾಲದ ಚಿತ್ರಪಟವನ್ನು ಚೌಕಟ್ಟಿನ ಸಮೇತ ಗುಜರಿಗೆ ಹಾಕಲಾರನು.

ಎತ್ತಿನ ಮಾತೂ ಹಾಗೆಯೇ. ಟ್ರ್ಯಾಕ್ಟರು ಬಂದಂತೆ ಕೊಟ್ಟಿಗೆಯ ಜೋಡಿಗಳು ಕಡಿಮೆಯಾಗುತ್ತಿವೆ. ಹಿಣಿಲು ಎಲ್ಲಿ ಏಳುತ್ತದೆ, ನೊಗ ಎಲ್ಲಿ ಕೂರುತ್ತದೆ ಎಂಬುದನ್ನು ಅಚ್ಚಿನ ಪಟ ನೋಡಿ ಹೇಳಬೇಕಾದ ಮಕ್ಕಳು ನಮ್ಮ ತರಗತಿಗಳಲ್ಲಿ ಈಗಾಗಲೇ ಇದ್ದಾರೆ. ಅವರನ್ನೂ ಪಡಸಾಲೆಗೆ ಕರೆಯಿರಿ. ಎತ್ತು ಕಟ್ಟಿ ಬಲ್ಲ ಹಿರಿಯರೊಬ್ಬರನ್ನೂ ಕರೆಯಿರಿ. ಚಿತ್ರಗಳನ್ನೆಲ್ಲ ಗೋಡೆಗೆ ಸಾಲಾಗಿ ಅಂಟಿಸಿದ ಮೇಲೆ ಮೊದಲನೆಯದು, ಎರಡನೆಯದು ಎಂದು ಎಣಿಸುವುದು ಬೇಡ. ಬಿಳಿಯನ್ನು ಯಾರು ಎಲ್ಲಿ ಉಳಿಸಿದ್ದಾರೆ ಎಂದಷ್ಟೇ ನೋಡಿರಿ. ಕಾಲು ಸೊಟ್ಟಗಿದ್ದರೆ ಆ ಹಿರಿಯರೇ ಹೇಳುತ್ತಾರೆ. ಮುಂದಿನ ರವಿವಾರಕ್ಕೆ ಅದೇ ಪಾಠವಾಗುತ್ತದೆ.