ಫ್ರಿಡ್ಜ್ ನೋಡಿ ಅಡುಗೆ: ಜೈನ ಮನೆಯಲ್ಲಿ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಪೇಟೆಗೆ ಹೋಗುವ ಮೊದಲು ಫ್ರಿಡ್ಜ್ ತೆರೆದು ನೋಡಿ, ಇರುವುದರಿಂದಲೇ ಎರಡು ಮೂರು ದಿನದ ಅಡುಗೆ ತೀರ್ಮಾನಿಸಿ ಎಂಬ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಹಣ ಉಳಿಯುತ್ತದೆ, ಪದಾರ್ಥ ಹಾಳಾಗುವುದಿಲ್ಲ. ಒಳ್ಳೆಯ ಸಲಹೆಯೇ. ಆದರೆ ಅದರ ಅರ್ಧ ಭಾಗ ನಿಂತಿರುವುದು ಬೇಯಿಸಿ ಉಳಿದ ಅಡುಗೆಯ ಮೇಲೆ. ನಿನ್ನೆಯ ಅನ್ನ ಇಂದು ಚಿತ್ರಾನ್ನ, ಭಾನುವಾರದ ಸಾಂಬಾರು ಫ್ರೀಜರಿನಿಂದ ಬುಧವಾರ ಹೊರಗೆ, ಮಿಕ್ಕ ಪಲ್ಯ ಪರೋಟದ ಒಳಗೆ. ಮರ್ಯಾದೆ ಪಾಲಿಸುವ ಶ್ರಾವಕರ ಮನೆಯಲ್ಲಿ ಈ ದಾರಿ ಇಲ್ಲ. ರಾತ್ರಿ ಕಳೆದ ಅನ್ನ ಅಲ್ಲಿ ಊಟಕ್ಕೆ ಬರುವುದಿಲ್ಲ.

ಇದರಿಂದ ಇಂದು ಎರಡು ಬಗೆಯ ಮನೆಗಳು ಕಾಣುತ್ತವೆ. ಕೆಲವರು ಮರ್ಯಾದೆಯ ಮಾತನ್ನೇ ಸದ್ದಿಲ್ಲದೆ ಬಿಟ್ಟು ಉಳಿದದ್ದನ್ನೆಲ್ಲ ಫ್ರಿಡ್ಜ್‌ಗೆ ಸೇರಿಸುತ್ತಾರೆ. ಇನ್ನು ಕೆಲವರು ಮರ್ಯಾದೆ ಉಳಿಸಿಕೊಂಡು, ದಿನವೂ ಒಂದು ಪಾತ್ರೆ ಅನ್ನವನ್ನು ಕಸಕ್ಕೆ ಹಾಕುತ್ತಾರೆ. ಎರಡನ್ನೂ ಶ್ರಾವಕಾಚಾರ ಬಯಸಿದ್ದಲ್ಲ.

ದಿಗಂಬರ ಪರಂಪರೆಯಲ್ಲಿ ಸಾಮಾನ್ಯವಾಗಿ ಹೇಳುವ ಕಾಲಮರ್ಯಾದೆ ಹೀಗಿದೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಅನ್ನ, ಬೇಳೆ, ಸಾರಿನಂತಹ ನೀರಿರುವ ಅಡುಗೆಗೆ 2 ಪ್ರಹರ, ಅಂದರೆ 6 ಗಂಟೆ. ರೊಟ್ಟಿ, ಚಪಾತಿ, ಪೂರಿಗೆ 4 ಪ್ರಹರ, 12 ಗಂಟೆ. ಕಾಯಿಸಿದ ಹಾಲಿಗೂ ಮೊಸರಿಗೂ 24 ಗಂಟೆ. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದರೆ 24 ಗಂಟೆ. ಈ ಅವಧಿ ದಾಟಿದರೆ ಪದಾರ್ಥದಲ್ಲಿ ಸಮ್ಮೂರ್ಛನ ಜೀವಿಗಳ ಉತ್ಪತ್ತಿ ಆಗುತ್ತದೆ ಎಂಬುದು ಕಾರಣ. ರುಚಿ, ವಾಸನೆ ಕೆಟ್ಟ ಪದಾರ್ಥ ಚಲಿತರಸವೆನಿಸಿ, ಅವಧಿಯೊಳಗಿದ್ದರೂ ಅಭಕ್ಷ್ಯ. ಶ್ವೇತಾಂಬರರಲ್ಲಿ ಎಣಿಕೆ ಕೆಲವೆಡೆ ಬೇರೆಯಾಗುತ್ತದೆ. ಊರಿಂದೂರಿಗೂ ಸಣ್ಣ ವ್ಯತ್ಯಾಸಗಳಿವೆ. ಮನೆಯ ಹಿರಿಯರು, ಊರಿಗೆ ಬರುವ ತ್ಯಾಗಿಗಳು ಹೇಳುವುದನ್ನೇ ಹಿಡಿಯುವುದು ವಾಡಿಕೆ.

ಹಿಟ್ಟಿನ ಮರ್ಯಾದೆ ಋತುವಿನೊಂದಿಗೆ ಬದಲಾಗುವುದರಿಂದ ಒಂದು ವಾದ ಆಗಾಗ ಕೇಳಿಬರುತ್ತದೆ: ಚಳಿಯಲ್ಲಿ ಅವಧಿ ಹೆಚ್ಚುವುದಾದರೆ, ಫ್ರಿಡ್ಜ್ ಎಂದರೆ ವರ್ಷಪೂರ್ತಿ ಚಳಿಗಾಲವಲ್ಲವೇ? ಜಾಣ ವಾದ, ಆದರೆ ನಿಲ್ಲುವುದಿಲ್ಲ. ಚಳಿಗಾಲದಲ್ಲೂ ಹಿಟ್ಟಿಗೆ ಇರುವುದು 7 ದಿನ ಮಾತ್ರ. ಅನ್ನ–ಬೇಳೆಯ 6 ಗಂಟೆಯಂತೂ ಯಾವ ಋತುವಿನಲ್ಲೂ ಹೆಚ್ಚುವುದಿಲ್ಲ. ವಿಜ್ಞಾನ ಹೇಳುವುದೂ ಇದಕ್ಕೆ ದೂರವಿಲ್ಲ. 4–5 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಲಿಸ್ಟೀರಿಯಾದಂತಹವು ಆ ತಂಪಿನಲ್ಲೂ ಬೆಳೆಯುತ್ತವೆ. ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಬೆಳವಣಿಗೆ ನಿಂತರೂ ಅವೆಲ್ಲ ಸಾಯುವುದಿಲ್ಲ. ಹೊರಗೆ ತೆಗೆದು ಕರಗಿದೊಡನೆ ಮತ್ತೆ ಶುರು. ಫ್ರಿಡ್ಜ್ ಕೊಡುವುದು ತರಕಾರಿಗೆ ಆಯುಷ್ಯ, ಮರ್ಯಾದೆಗಲ್ಲ.

ಆದ್ದರಿಂದ ಜೈನ ಮನೆಯಲ್ಲಿ ಲೆಕ್ಕ ಶುರುವಾಗಬೇಕಾದದ್ದು ಹಸಿ ಪದಾರ್ಥದಿಂದ. ಯಾವುದು ಮೊದಲು ಬಾಡುತ್ತದೋ ಅದು ಮೊದಲು ಒಲೆಗೆ. ಸೊಪ್ಪು ತಂದ ದಿನ ಅಥವಾ ಮರುದಿನ, ಅನಂತರ ಬೆಂಡೆ, ಹೀರೆ. ತೊಂಡೆ, ಸೋರೆ ಇನ್ನೂ ಕೆಲವು ದಿನ ತಡೆಯುತ್ತವೆ. ಮಂಗಳೂರು ಸೌತೆ, ಬೂದುಗುಂಬಳ, ಸಿಹಿಗುಂಬಳ ಇಡಿಯಾಗಿದ್ದಾಗ ಫ್ರಿಡ್ಜ್‌ನ ಹಂಗೇ ಬೇಡ. ತುಳುನಾಡಿನ ಮನೆಗಳಲ್ಲಿ ಬಾಳೆನಾರಿನಿಂದ ಅಟ್ಟಕ್ಕೆ ತೂಗುಹಾಕಿದ ಸೌತೆ ಮಳೆಗಾಲ ಪೂರ್ತಿ ಸಾಂಬಾರಿಗೆ ಒದಗುತ್ತಿತ್ತು. ತರಕಾರಿಯನ್ನು ತೊಳೆದು ಒದ್ದೆಯಾಗಿಯೇ ಒಳಗಿಟ್ಟರೆ ಬೇಗ ಕೊಳೆಯುತ್ತದೆ. ಒಣಗಿಸಿ ಬಟ್ಟೆಯಲ್ಲಿ ಸುತ್ತಿಟ್ಟು, ಹೆಚ್ಚುವ ಮುಂಚೆ ಹುಳು ನೋಡಿ ತೊಳೆಯುವುದು ಎಲ್ಲ ರೀತಿಯಲ್ಲೂ ಸರಿ.

ಇದರ ಮೇಲೆ ತಿಥಿಯ ಲೆಕ್ಕ. ಅಷ್ಟಮಿ, ಚತುರ್ದಶಿಗಳಂದು ಹಸಿರು ತ್ಯಾಗ ಮಾಡುವ ಮನೆಗಳಲ್ಲಿ ತಿಂಗಳಿಗೆ ನಾಲ್ಕು ದಿನ ತರಕಾರಿ ಬುಟ್ಟಿ ಮುಟ್ಟುವಂತಿಲ್ಲ. ವಾರದ ಸಂತೆ ಸಪ್ತಮಿಯಂದೇ ಬಿದ್ದರೆ, ಕಟ್ಟುಗಟ್ಟಲೆ ತಂದ ಸೊಪ್ಪು ನವಮಿಯ ಹೊತ್ತಿಗೆ ಹಳದಿಯಾಗಿರುತ್ತದೆ. ಪಂಚಾಂಗ ನೋಡಿ ಸಂತೆಯ ಚೀಲ ಹಿಡಿಯುವುದು ಹಳೆಯ ಕಾಲದ ಶ್ರಾವಿಕೆಯರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಪರ್ವದ ಹಿಂದಿನ ದಿನ ಉಳಿದ ನಾಲ್ಕು ಬೆಂಡೆ, ಎರಡು ತೊಂಡೆ, ಅರ್ಧ ಸೋರೆ ಎಲ್ಲ ಸೇರಿ ಒಂದು ಕೂಟು. ಪರ್ವದಂದು ಹೆಸರುಬೇಳೆ ತೊವ್ವೆ, ಹುರುಳಿ ಸಾರು. ಭಾದ್ರಪದದ ದಶಲಕ್ಷಣ ಪರ್ವಕ್ಕೂ ಇದೇ ಕ್ರಮ. ಶುಕ್ಲ ಪಂಚಮಿಯ ಹೊತ್ತಿಗೆ ಫ್ರಿಡ್ಜ್ ಬಹುಪಾಲು ಖಾಲಿಯಾಗಿದ್ದರೆ ಆ ಹತ್ತು ದಿನ ಮನಸ್ಸೂ ಹಗುರ.

ಮೊಸರು, ಮಜ್ಜಿಗೆ ಉಳಿದಾಗ ದ್ವಿದಳದ ನೆನಪಿರಬೇಕು. ಮಜ್ಜಿಗೆಹುಳಿಗೆ ಕಡಲೆಬೇಳೆ ರುಬ್ಬದೆ ಕಾಯಿ, ಜೀರಿಗೆ, ಹಸಿಮೆಣಸಿನಲ್ಲೇ ಮುಗಿಸಬಹುದು.

ಹೆಚ್ಚು ತೊಡಕಾಗುವುದು ಹಾಲಿನ ಕೆನೆ. ದಿನದ ಕೆನೆಯನ್ನು ಡಬ್ಬಿಗೆ ಹಾಕಿ, ಹತ್ತು ಹದಿನೈದು ದಿನ ಫ್ರೀಜರಿನಲ್ಲಿ ಕೂಡಿಟ್ಟು, ಒಮ್ಮೆಲೇ ಕಡೆದು ತುಪ್ಪ ಕಾಯಿಸುವುದು ಕರ್ನಾಟಕದ ಬಹುತೇಕ ಮನೆಗಳ ರೂಢಿ. ಜೈನರ ಮನೆಗಳಿಗೂ ಅದು ಬಂದಿದೆ. ಆದರೆ ಬೆಣ್ಣೆ ಅಭಕ್ಷ್ಯಗಳಲ್ಲಿ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಮೂಲಂಗಿ, ಹಸಿಶುಂಠಿಗಳ ಜೊತೆಯಲ್ಲೇ ಬೆಣ್ಣೆಯನ್ನೂ ಹೆಸರಿಸಿದ್ದಾರೆ. ಬೆಣ್ಣೆ ತೆಗೆದ ಅಂತರ್ಮುಹೂರ್ತದೊಳಗೆ ಕಾಯಿಸಿದರೆ ಮಾತ್ರ ಆ ತುಪ್ಪ ಶುದ್ಧ. ಮೊಸರಿಗೇ 24 ಗಂಟೆಯ ಮಿತಿ ಇರುವಾಗ ಹದಿನೈದು ದಿನದ ಕೆನೆಗೆ ಜಾಗ ಎಲ್ಲಿ? ಕೆನೆಸಹಿತ ಹಾಲನ್ನೇ ಹೆಪ್ಪುಹಾಕಿ, ಮರುದಿನ ಅವಧಿಯೊಳಗೆ ಕಡೆದು, ಬಂದಷ್ಟು ಬೆಣ್ಣೆಯನ್ನು ಆಗಲೇ ಕಾಯಿಸಬೇಕು. ದಿನಕ್ಕೆ ಎರಡು ಚಮಚ ತುಪ್ಪವೇ ಆದರೂ ಆ ದಿನದ ಊಟಕ್ಕೆ ಸಾಕು.

ಬೇಯಿಸಿದ ಅಡುಗೆ ಉಳಿಯದಂತೆ ನೋಡುವುದು ಅಳತೆಯ ಕೆಲಸ. ಬೆಳಗ್ಗೆ 8ಕ್ಕೆ ಮಾಡಿದ ಅನ್ನ ಮಧ್ಯಾಹ್ನ 2ರವರೆಗೆ ಸಲ್ಲುತ್ತದೆ, ಸಂಜೆಗೆ ಇಲ್ಲ. ಬೆಳಗ್ಗೆ 7ರ ಚಪಾತಿ ಸಂಜೆಯ ಊಟಕ್ಕೂ ಸಲ್ಲುತ್ತದೆ. ಬೆಂಗಳೂರಿನಲ್ಲಿ ಸೂರ್ಯಾಸ್ತ ನವೆಂಬರಿನಲ್ಲಿ 5.50ರ ಸುಮಾರಿಗೆ, ಜುಲೈಯಲ್ಲಿ 6.50ರ ಹತ್ತಿರ. ಅದಕ್ಕೂ 2 ಘಳಿಗೆ ಮೊದಲೇ ಊಟ ಮುಗಿಸುವ ನಿಯಮವಿರುವ ನೌಕರಸ್ಥರಿಗೆ ಡಬ್ಬಿಯಲ್ಲಿ ಚಪಾತಿ ಇರುವುದೇ ದೊಡ್ಡ ಆಸರೆ. ಅನ್ನ ಒಂದು ಹೊತ್ತಿನ ಅಳತೆಗೆ, ಚಪಾತಿ ಎರಡು ಹೊತ್ತಿಗೆ ಎಂದು ಹಂಚಿಕೊಂಡರೆ ಅರ್ಧ ತೊಂದರೆ ಕಳೆಯಿತು. ಮೂರು ನಾಲ್ಕು ದಿನ ಇಡುವ ಹುದುಗಿದ ದೋಸೆಹಿಟ್ಟಿನ ಬದಲು, ಅಕ್ಕಿ ನೆನೆಸಿ ರುಬ್ಬಿ ಆಗಲೇ ಹುಯ್ಯುವ ನೀರುದೋಸೆ ಇದೆ.

ಆದರೂ ಉಳಿದರೆ, ಅವಧಿ ಮುಗಿಯುವ ಮೊದಲೇ ಬೇರೆಯವರಿಗೆ ಕೊಡಬೇಕು. ಮಧ್ಯಾಹ್ನ 1ಕ್ಕೆ ಬಿಸಿಯಾಗಿ ಕೊಟ್ಟದ್ದು ಊಟ. ತಾನು ಉಣ್ಣಲಾರದ್ದನ್ನು ಮರುದಿನ ಮನೆಗೆಲಸದವರ ಕೈಗೆ ಹಾಕುವುದನ್ನು ದಾನವೆನ್ನಲಾಗದು.

ಇನ್ನು ಫ್ರೀಜರು. ಮಂಜುಗಡ್ಡೆಯೇ 22 ಅಭಕ್ಷ್ಯಗಳ ಪಟ್ಟಿಯಲ್ಲಿರುವುದರಿಂದ ವ್ರತಿಗಳ ಮನೆಯಲ್ಲಿ ಇದಕ್ಕೆ ಕೆಲಸ ಕಡಿಮೆ. ಅಷ್ಟು ಕಟ್ಟುನಿಟ್ಟಿಲ್ಲದ ಮನೆಗಳಲ್ಲಿ ಬಟಾಣಿ, ತುರಿದ ಕಾಯಿ ಇರುತ್ತವೆ. ಅವುಗಳ ಮೇಲೆ ಇಟ್ಟ ದಿನಾಂಕ ಬರೆದು, ಹಳೆಯದು ಮುಗಿಯುವವರೆಗೆ ಹೊಸದನ್ನು ತರಬಾರದು. ಅಂಗಡಿಯ ಫ್ರೀಜರಿನಿಂದ ಬರುವ ಸಿದ್ಧ ಪರೋಟ, ಕಟ್ಲೆಟ್‌ಗಳ ವಿಷಯ ಬೇರೆ. ಪೊಟ್ಟಣದ ಹಸಿರು ಚುಕ್ಕೆ ಹೇಳುವುದು ಮಾಂಸ, ಮೊಟ್ಟೆ ಇಲ್ಲ ಎಂದಷ್ಟೇ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇವೆಯೇ ಎಂದು ತಿಳಿಯಲು ಹಿಂಬದಿಯ ಸಣ್ಣ ಅಕ್ಷರದ ಪಟ್ಟಿಯನ್ನೇ ಓದಬೇಕು.